ಒಂದು ಚಮಚ ಎಂಜಲು

ಧಾರವಾಡದ ಸುತ್ತಲಿನ ಮಕ್ಕಳಿಗೆ ಹಲ್ಲುನೋವು ಅಂದರೆ ಏನೆಂದೇ ಗೊತ್ತಿಲ್ಲದ ಕಾಲವೊಂದಿತ್ತು. ಬಹಳ ಕಾಲವಲ್ಲ, ಏಳೆಂಟು ವರ್ಷ. ಆ ಕಾಲವನ್ನು ತಂದವಳು ಡಾ. ಇಂದುಮತಿ ಅಂಗಡಿ. ಅದನ್ನು ಮುಗಿಸಿದವಳೂ ಅವಳೇ ಎಂದು ಈಗ ಕೆಲವರು ಹೇಳುತ್ತಾರೆ. ಎರಡೂ ಪೂರ್ತಿ ಸುಳ್ಳಲ್ಲ.

ಎಲ್ಲರ ಬಾಯಲ್ಲೂ ಒಂದು ಜಾತಿಯ ಸೂಕ್ಷ್ಮಾಣು ಮನೆ ಮಾಡಿಕೊಂಡಿರುತ್ತದೆ. ಅದಕ್ಕೆ ಸಕ್ಕರೆಯೇ ಊಟ. ತಿಂದದ್ದನ್ನು ಆಮ್ಲವಾಗಿ ಹೊರಹಾಕುತ್ತದೆ, ಆ ಆಮ್ಲ ಹಲ್ಲಿನ ಗಟ್ಟಿ ಪದರವನ್ನು ಕರಗಿಸುತ್ತ ಹೋಗುತ್ತದೆ. ನಾವು ಅದನ್ನು ಹುಳುಕು ಎನ್ನುತ್ತೇವೆ, ಹುಳ ಮಾತ್ರ ಎಲ್ಲಿಯೂ ಇರುವುದಿಲ್ಲ. ಆಗತಾನೆ ಹುಟ್ಟಿದ ಕೂಸಿನ ಬಾಯಲ್ಲಿ ಇದು ಇರದು. ನಿಲ್ಲಲು ಅದಕ್ಕೆ ಗಟ್ಟಿ ನೆಲ ಬೇಕು. ಮೊದಲ ಹಲ್ಲು ಮೂಡಿದ ಮೇಲೆ ತಾಯಿ ಕೊಟ್ಟ ಮುತ್ತಿನಿಂದಲೋ, ಅಜ್ಜಿ ತನ್ನ ಬಾಯಲ್ಲಿ ಊದಿ ಆರಿಸಿ ಕೊಟ್ಟ ತುತ್ತಿನಿಂದಲೋ ಅದು ಕೂಸಿನ ಬಾಯಿ ಸೇರಿಬಿಡುತ್ತದೆ. ಅಂದರೆ ಹುಳುಕು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಪ್ರೀತಿಯ ದಾರಿಯಲ್ಲೇ ಬರುತ್ತದೆ.

ಇಂದುಮತಿ ಮಾಡಿದ್ದು ಇಷ್ಟು. ಆ ಸೂಕ್ಷ್ಮಾಣುವಿನ ಒಳಗಿನಿಂದ ಆಮ್ಲ ಮಾಡುವ ಭಾಗವನ್ನು ಕತ್ತರಿಸಿ ತೆಗೆದಳು. ಬದಲಿಗೆ ತನ್ನ ದಾಯಾದಿಗಳನ್ನೆಲ್ಲ ಕೊಲ್ಲುವಂಥ ವಿಷವೊಂದನ್ನು ಅದಕ್ಕೆ ಕೊಟ್ಟಳು. ಹೀಗಾಗಿ ಬಾಯಿಗೆ ಒಮ್ಮೆ ಬಿಟ್ಟರೆ ಸಾಕು, ಹಳೆಯದನ್ನು ಓಡಿಸಿ ತಾನು ಕೂರುತ್ತದೆ, ಕೂತ ಮೇಲೆ ಸುಮ್ಮನಿರುತ್ತದೆ. ಪ್ರಯೋಗಾಲಯದಲ್ಲಿ ಅದಕ್ಕೆ ‘ಶಾಂತ’ ಎಂದು ಹೆಸರಿಟ್ಟರು. ಮೊದಲ ಹಲ್ಲು ಕಂಡ ಕೂಸಿನ ಬಾಯಿಗೆ ಒಂದು ಹನಿ ಶಾಂತ. ಮೊದಮೊದಲು ಹನಿ ಹಾಕಿಸಿಕೊಂಡ ಕೂಸುಗಳಲ್ಲಿ ಇಂದುಮತಿಯ ಮಗಳು ಮುಕ್ತಾ ಒಬ್ಬಳು.

ಹನಿ ಗೆದ್ದಿತು. ಅಂಗನವಾಡಿಗಳಲ್ಲಿ ಬಾಯಿ ತೆರೆಸಿ ನೋಡಿದರೆ ಸಾಲಾಗಿ ಬಿಳಿ ಹಲ್ಲು. ಶಾಲೆಯ ಗೇಟಿನ ಮುಂದೆ ಮಿಠಾಯಿ ಗಾಡಿಗಳು ಹೆಚ್ಚಾದವು, ಯಾವ ತಾಯಿಯೂ ಮಗುವಿನ ಕೈಯಿಂದ ಚಾಕಲೇಟು ಕಸಿದುಕೊಳ್ಳಲಿಲ್ಲ. ಬೆಳಿಗ್ಗೆ ಹಲ್ಲುಜ್ಜಲು ಮಕ್ಕಳ ಹಿಂದೆ ಓಡುವ ಕೆಲಸವೂ ತಪ್ಪಿತು. ಹಲ್ಲಿನ ಡಾಕ್ಟರರು ಕೆಲವರು ಊರು ಬಿಟ್ಟರು. ಇಂದುಮತಿಯನ್ನು ಕರೆಕರೆದು ಶಾಲು ಹೊದಿಸಿದರು.

ಮನೆಯಲ್ಲಿ ಅವಳ ಶಿಸ್ತು ಬೇರೆಯೇ ಇತ್ತು. ಗಂಡ ತೀರಿಹೋಗಿದ್ದ, ಇದ್ದವರು ಮೂವರು: ಅವಳು, ಮುಕ್ತಾ, ಅತ್ತೆ ನೀಲಗಂಗಮ್ಮ. ಎಂಜಲಿನ ದಾರಿಯಲ್ಲಿ ಏನೇನು ಓಡಾಡುತ್ತದೆಂದು ಇಂದುಮತಿಯಷ್ಟು ಬಲ್ಲವರು ಯಾರೂ ಇರಲಿಲ್ಲವಾದ್ದರಿಂದ ಮಗಳಿಗೆ ಬೇರೆ ತಟ್ಟೆ, ಬೇರೆ ಲೋಟ. ಬಾಯಿಗೆ ಮುತ್ತಿಲ್ಲ. ತಾನು ಕಚ್ಚಿದ ಹಣ್ಣನ್ನು ಅವಳು ಒಮ್ಮೆಯೂ ಮಗಳಿಗೆ ಕೊಟ್ಟವಳಲ್ಲ. ಅತ್ತೆಗೆ ಇದೆಲ್ಲ ಹಿಡಿಸುತ್ತಿರಲಿಲ್ಲ, ಆದರೆ ಎದುರಾಡುತ್ತಿರಲಿಲ್ಲ. ಸೊಸೆ ಕೆಲಸಕ್ಕೆ ಹೋದ ಮೇಲೆ ಹಿತ್ತಲ ಕಟ್ಟೆಯ ಮೇಲೆ ಮೊಮ್ಮಗಳನ್ನು ಕೂರಿಸಿಕೊಂಡು ಕಬ್ಬಿನ ಸಿಪ್ಪೆಯನ್ನು ತನ್ನ ಹಲ್ಲಿನಿಂದಲೇ ಸಿಗಿದು, ತುಂಡು ಕಚ್ಚಿ ಅವಳ ಬಾಯಿಗಿಡುತ್ತಿದ್ದಳು. ಎಪ್ಪತ್ತು ದಾಟಿದರೂ ಅವಳ ಹಲ್ಲು ಒಂದೂ ಅಲುಗಿರಲಿಲ್ಲ. ಈ ಕಬ್ಬಿನ ವಿಷಯ ಇಂದುಮತಿಗೆ ಗೊತ್ತಾದದ್ದು ಬಹಳ ತಡವಾಗಿ.

ಮುಕ್ತಾಗೆ ಏಳು ನಡೆಯುತ್ತಿದ್ದಾಗ ಕೆಂಚನಕೊಪ್ಪ ಎಂಬ ಊರಿನಿಂದ ಬಾಳವ್ವ ಎಂಬ ಹೆಂಗಸು ತನ್ನ ಮಗನನ್ನು ಎತ್ತಿಕೊಂಡು ಆಸ್ಪತ್ರೆಗೆ ಬಂದಳು. ಹುಡುಗನಿಗೆ ನಾಲ್ಕು ವರ್ಷ. ತಿಂಗಳ ಹಿಂದೆ ಅಂಗನವಾಡಿಯವರು ತೆಗೆದ ಫೋಟೋದಲ್ಲಿ ಅವನು ಹಲ್ಲು ಬಿಟ್ಟು ನಗುತ್ತಿದ್ದ. ಈಗ ವಸಡಿನ ಗೆರೆಯಲ್ಲಿ ಕಂದು ಮೊಳೆಗಳಷ್ಟೇ ಉಳಿದಿದ್ದವು. ಬೆಲ್ಲದ ಚೂರು ನೀರಿಗೆ ಬಿದ್ದಂತೆ ಹಲ್ಲು ಕರಗಿಹೋಗಿತ್ತು. ಬಾವು ದವಡೆಯಿಂದ ಕುತ್ತಿಗೆಗಿಳಿದಿತ್ತು. ಆ ವಾರ ಕಳೆಯುವುದರೊಳಗೆ ಹುಡುಗ ತೀರಿಕೊಂಡ.

ಅವನ ಬಾಯಿಂದ ತೆಗೆದದ್ದನ್ನು ಇಂದುಮತಿಯೇ ಬೆಳೆಸಿ ನೋಡಿದಳು. ಜೊತೆಗಿದ್ದವನು ಅವಳ ಕೈಕೆಳಗಿನ ಸಂಶೋಧಕ ಅನ್ವರ್ ಮುಲ್ಲಾ. ಪರದೆಯ ಮೇಲೆ ಕಂಡದ್ದನ್ನು ಇಬ್ಬರೂ ಬಹಳ ಹೊತ್ತು ನಂಬಲಿಲ್ಲ. ಅದು ಶಾಂತನೇ. ಆದರೆ ಯಾರದೋ ಬಾಯಲ್ಲಿ ಹಳೆಯ ಸೂಕ್ಷ್ಮಾಣುವಿನ ಪಕ್ಕ ಕೂತಿದ್ದಾಗ, ಕಳೆದುಕೊಂಡಿದ್ದ ಆಮ್ಲದ ಭಾಗವನ್ನು ಅದರಿಂದ ವಾಪಸು ಪಡೆದುಕೊಂಡಿತ್ತು. ವಿಷವನ್ನೂ ಇಟ್ಟುಕೊಂಡಿತ್ತು, ಇನ್ನಷ್ಟು ಹರಿತ ಮಾಡಿಕೊಂಡು. ಹೀಗೆ ಎದುರಾಳಿಗಳನ್ನೆಲ್ಲ ಕೊಂದು ಹಾಕಿ, ತಡೆಯುವವರೇ ಇಲ್ಲದ ಬಾಯಲ್ಲಿ ಹಗಲೂ ರಾತ್ರಿ ಆಮ್ಲ ಸುರಿಸುತ್ತಿತ್ತು. ಅನ್ವರ್ ಅದನ್ನು ‘ಉಗ್ರ’ ಎಂದು ಕರೆದ. ಆ ಹೆಸರೇ ನಿಂತಿತು.

ಔಷಧಗಳು ನಾಟಲಿಲ್ಲ. ಹಲ್ಲಿನ ಮೇಲೆ ಅಂಟಿನ ಪೊರೆ ಕಟ್ಟಿಕೊಂಡು ಅದರಡಿ ಅಡಗಿರುವ ಉಗ್ರನವರೆಗೆ ಅವು ತಲುಪುತ್ತಿರಲಿಲ್ಲ. ಸುತ್ತಲ ಹಳ್ಳಿಗಳಿಂದ ಮಕ್ಕಳು ಬರತೊಡಗಿದರು. ಸಂಸ್ಥೆಯ ನಿರ್ದೇಶಕ ಡಾ. ವಾಮನ ಕುಡ್ವ ಸಭೆ ಕರೆದರು. ಎಲ್ಲರ ಮಾತು ಕೇಳಿ ಕೊನೆಗೆ, ಇದು ಯಾವುದರಿಂದ ನಿಲ್ಲುತ್ತದೆ ಹೇಳಿ, ಎಂದು ಇಂದುಮತಿಯನ್ನು ಕೇಳಿದರು.

ಪರೀಕ್ಷೆಯಲ್ಲಿ ಪ್ರಶ್ನೆಗೆ ಉತ್ತರ ಹೇಳುವ ಹುಡುಗಿಯಂತೆ ಅವಳು ಹೇಳಿದಳು, “ಅದು ಬದುಕೋದು ಹಲ್ಲಿನ ಮ್ಯಾಲೆ ಮಾತ್ರ ಸರ್. ಹಲ್ಲಿಲ್ಲದ ಬಾಯಾಗ ಅದು ಇರೂದಿಲ್ಲ.”

ಆ ಮಾತು ಮರುವಾರ ಸರಕಾರದ ಆದೇಶವಾಯಿತು. ಎಂಜಲು ತಾಗಿಸಿದರೆ ನೀಲಿಯಾಗುವ ಕಾಗದದ ಪಟ್ಟಿಗಳನ್ನು ಅನ್ವರ್ ತಯಾರು ಮಾಡಿದ. ಉಗ್ರನ ವಿಷ ಎಲ್ಲಿದೆಯೋ ಅಲ್ಲಿ ಪಟ್ಟಿ ನೀಲಿ. ನೀಲಿ ಬಂದವರ ಹಲ್ಲೆಲ್ಲವನ್ನೂ ತೆಗೆಯುವುದು, ಮಗುವಾಗಲಿ ಮುದುಕರಾಗಲಿ. ತೆಗೆದ ಹಲ್ಲನ್ನು ಅಲ್ಲೇ ಕುಲುಮೆಯಲ್ಲಿ ಸುಡುವುದು. ಪ್ರಯೋಗಾಲಯಕ್ಕೆ ಕಳಿಸುವ ಎಂಜಲನ್ನೂ ಮೊದಲು ಕಾಯಿಸಿ, ಜೀವ ತೆಗೆದು ಕಳಿಸುವುದು. ಉಗ್ರ ಒಂದೇ ಒಂದು ಬಾಟಲಿಯಿಂದ ಹೊರಬಿದ್ದರೂ ಕೆಲಸ ಕೆಟ್ಟಿತೆಂದು ಈ ಎರಡು ನಿಯಮಗಳನ್ನು ಬರೆದವಳು ಇಂದುಮತಿಯೇ.

ಶಾಲೆಗಳಿಗೆ ಹಲ್ಲು ಕೀಳುವ ಕುರ್ಚಿಗಳು ಬಂದವು. ಸಣ್ಣ ಮಕ್ಕಳ ತಾಯಂದಿರಿಗೆ, ಇವು ಹಾಲುಹಲ್ಲು, ಒಳಗೆ ಹೊಸವು ಕಾದಿವೆ, ಬರುತ್ತವೆ ಎಂದು ಸಮಾಧಾನ ಹೇಳಬಹುದಿತ್ತು. ಏಳೆಂಟು ವರ್ಷದವರ ತಾಯಂದಿರಿಗೆ ಹೇಳಲು ಏನೂ ಇರಲಿಲ್ಲ. ಆ ವಯಸ್ಸಿಗೆ ಮುಂದಿನ ಹೊಸ ಹಲ್ಲೂ ಹಿಂದಿನ ದೊಡ್ಡ ದವಡೆಹಲ್ಲೂ ಬಂದಿರುತ್ತವೆ, ಅವು ಹೋದರೆ ಹೋದವೇ. ಕೆಂಚನಕೊಪ್ಪದವರು ಶಾಲೆಯ ಬಾಗಿಲಿಗೆ ಅಡ್ಡ ನಿಂತರು. ಇಂದುಮತಿ ಹೋಗಿ ತಿಳಿಸಿ ಹೇಳಿದಳು. ಎಲ್ಲರೂ ಕೇಳಿಸಿಕೊಂಡರು, ಯಾರೂ ಸರಿಯಲಿಲ್ಲ. ಆಗ ಬಾಳವ್ವ ಮುಂದೆ ಬಂದಳು. ಅವಳ ಸೊಂಟಕ್ಕೆ ಆತುಕೊಂಡು ಇನ್ನೊಂದು ಮಗು, ಮಗಳು ಲಗಮಿ, ನಿಂತಿತ್ತು.

“ನಿಮ್ಮ ಮಗಳಾಗಿದ್ರ ತಗಿಸ್ತಿದ್ರೇನ್ರಿ?” ಎಂದು ಕೇಳಿದಳು.

“ತಗಿಸ್ತಿದ್ದೆ,” ಎಂದಳು ಇಂದುಮತಿ.

ಬಾಳವ್ವ ಅವಳ ಮುಖವನ್ನು ನೋಡಿದಳು, ಆಮೇಲೆ ಜನರ ಕಡೆ ತಿರುಗಿ, ದಾರಿ ಬಿಡಿ ಎಂದಳು. ಆ ದಿನ ಲಗಮಿಯ ಪಟ್ಟಿ ಬಿಳಿಯಾಗಿಯೇ ಉಳಿಯಿತು. ಊರಿನ ಉಳಿದ ಮಕ್ಕಳಲ್ಲಿ ಅರ್ಧದಷ್ಟು ಬಾಯಿಗೆ ಹತ್ತಿ ಕಚ್ಚಿಕೊಂಡು ಮನೆಗೆ ಹೋದವು.

ಅದಾದ ಸ್ವಲ್ಪ ದಿನಕ್ಕೆ ಉಗ್ರ ಧಾರವಾಡಕ್ಕೂ ಬಂದ. ಪ್ರಯೋಗಾಲಯದವರು ತಮ್ಮ ಮನೆಯವರನ್ನು ಮೊದಲು ಪರೀಕ್ಷಿಸಿಕೊಳ್ಳಬೇಕೆಂದು ಕುಡ್ವರು ಹೇಳಿದ್ದರು. ಒಂದು ಭಾನುವಾರ ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಇಂದುಮತಿ ಮೂರು ಪಟ್ಟಿಗಳನ್ನಿಟ್ಟಳು. ಅವಳದು ಬಿಳಿ. ಅತ್ತೆಯದು ನೀಲಿ. ಮುಕ್ತಾಳದೂ ನೀಲಿ.

ಮಗಳನ್ನು ಕಿಟಕಿಯ ಬೆಳಕಿಗೆ ಕರೆದು ಬಾಯಿ ತೆರೆಸಿದಳು. ಹೊಸದಾಗಿ ಬಂದಿದ್ದ ಮುಂದಿನ ಹಲ್ಲುಗಳ ಅಂಚು ಇನ್ನೂ ಗರಗಸದಂತಿತ್ತು. ಎಲ್ಲವೂ ಬೆಳ್ಳಗಿದ್ದವು. ಒಂದು ಚುಕ್ಕೆಯಿಲ್ಲ, ಒಂದು ಗೆರೆಯಿಲ್ಲ. ಅತ್ತೆಯ ಬಾಯೂ ಹಾಗೆಯೇ. ಕ್ಷಣ ಹೊತ್ತು ಅವಳೊಳಗೆ ಏನೋ ಎಳೆಯಿತು, ಇದು ಹೇಗೆ ಎಂದು. ಆದರೆ ಪಟ್ಟಿ ಸುಳ್ಳು ಹೇಳುವುದಿಲ್ಲ, ಇದು ಆರಂಭ, ವಾರ ಬಿಟ್ಟರೆ ಕಪ್ಪಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಎಷ್ಟೋ ತಾಯಂದಿರು ತಮ್ಮ ಮಕ್ಕಳ ಬಿಳಿ ಹಲ್ಲು ತೋರಿಸಿ ಕೈಮುಗಿದಾಗ ಅವಳು ಹೇಳಿದ್ದೂ ಇದೇ ಮಾತು.

ಎಲ್ಲಿಂದ ಬಂತೆಂದು ಅತ್ತೆಯನ್ನು ಕೇಳಿದಳು. ನೀಲಗಂಗಮ್ಮ ಕಬ್ಬಿನ ವಿಷಯ ಮುಚ್ಚಿಡಲಿಲ್ಲ.

“ನಿಮ್ಮ ಎಂಜಲದಿಂದನ ಬಂತು,” ಎಂದಳು ಇಂದುಮತಿ. “ಬ್ಯಾಡ ಬ್ಯಾಡ ಅಂತ ಬಡಕೊಂಡೆ. ಈಗ ಅಕಿ ಹಲ್ಲ ನೀವ ತಿಂದ್ರಿ.”

ನೀಲಗಂಗಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಮೊದಲು ತನ್ನದು ತೆಗೆಯಲಿ, ಕೂಸು ನೋಡಲಿ, ಅದಕ್ಕೆ ಧೈರ್ಯ ಬರುತ್ತದೆ ಎಂದಳು.

ಹಾಗೆಯೇ ಆಯಿತು. ಮರುದಿನ ಕುರ್ಚಿಯ ಮೇಲೆ ಮುದುಕಿ ಮೊದಲು ಕೂತಳು. ಆ ವಯಸ್ಸಿನ ಗಟ್ಟಿ ಬೇರಿನ ಹಲ್ಲುಗಳು ಸುಲಭವಾಗಿ ಬರಲಿಲ್ಲ, ಮರಗಟ್ಟಿಸಲು ಕೊಟ್ಟ ಸೂಜಿಯ ಪ್ರಭಾವ ನಡುವೆಯೇ ಇಳಿದುಹೋಯಿತು. ಅವಳು ಕುರ್ಚಿಯ ಕೈಗಳನ್ನು ಹಿಡಿದುಕೊಂಡು ಕೂತಿದ್ದಳೇ ಹೊರತು ಒಮ್ಮೆಯೂ ನರಳಲಿಲ್ಲ. ಎಲ್ಲ ಮುಗಿದ ಮೇಲೆ ಊದಿದ ಮೋರೆಯಲ್ಲಿ ಮೊಮ್ಮಗಳ ಕಡೆ ನೋಡಿ ನಗಲು ಹೋದಳು. ಆ ನಗೆಯನ್ನು ಕಂಡೇ ಮುಕ್ತಾ ಚೀರಿ ಬಾಗಿಲ ಕಡೆ ಓಡಿದ್ದು. ಅವಳನ್ನು ಹಿಡಿದು ತಂದವಳು ಇಂದುಮತಿ. ಮೊಣಕೈಗಳಿಂದ ಮಗಳ ತೋಳುಗಳನ್ನು ಒತ್ತಿ, ಎರಡೂ ಅಂಗೈಗಳಿಂದ ತಲೆಯನ್ನು ಗಟ್ಟಿಯಾಗಿ ಹಿಡಿದವಳೂ ಅವಳೇ. ನರ್ಸು ತಾನು ಹಿಡಿಯುತ್ತೇನೆಂದರೂ ಬಿಟ್ಟುಕೊಡಲಿಲ್ಲ. ಕೆಂಚನಕೊಪ್ಪದಲ್ಲಿ ಆಡಿದ ಮಾತನ್ನು ನಡೆಸುತ್ತಿದ್ದೇನೆ ಎಂಬುದೊಂದೇ ಅವಳ ತಲೆಯಲ್ಲಿತ್ತು. ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಯಿತು. ಅದಾದ ಮೇಲೆ ಯಾವ ಹಳ್ಳಿಯವರೂ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ.

ಮನೆಯಲ್ಲಿ ಅಜ್ಜಿ ಮೊಮ್ಮಗಳಿಬ್ಬರಿಗೂ ರಾಗಿ ಅಂಬಲಿ. ಮುಕ್ತಾ ‘ತ’ ಅನ್ನಲು ಹೋದರೆ ನಾಲಿಗೆ ಖಾಲಿ ಜಾಗಕ್ಕೆ ನುಗ್ಗಿ ಉಸಿರಷ್ಟೇ ಹೊರಬರುತ್ತಿತ್ತು. ತನ್ನ ಹೆಸರನ್ನೇ ಸರಿಯಾಗಿ ಹೇಳಲಾಗದೆ ಆಕೆ ಹೊಸಬರೆದುರು ಹೆಸರು ಹೇಳುವುದನ್ನು ಬಿಟ್ಟಳು.

ಅನ್ವರ್ ಬಂದು ಬಾಗಿಲು ತಟ್ಟಿದ್ದು ಆ ದಿನಗಳಲ್ಲೇ. ಇಂದುಮತಿ ಪ್ರಯೋಗಾಲಯದ ತನ್ನ ಕೋಣೆಯಲ್ಲಿದ್ದಳು. ಅವನು ಒಳಗೆ ಬಂದು ಬಾಗಿಲು ಮುಚ್ಚಿದ. ಸತ್ತ ಮಾದರಿಗಳ ವಂಶವಾಹಿಯನ್ನು ಯಂತ್ರದಲ್ಲಿ ಓದಿಸುವುದು ಅವನ ಕೆಲಸ. ಸಾಲು ದೊಡ್ಡದಿದ್ದುದರಿಂದ ಅವಳ ಮನೆಯವರ ಮಾದರಿ ಆಗಷ್ಟೇ ಸರದಿಗೆ ಬಂದಿತ್ತು.

“ಮೇಡಂ, ಇದರಾಗ ಆಮ್ಲ ಮಾಡೋ ಭಾಗನ ಇಲ್ರಿ,” ಎಂದ.

ಹಾಗಾದರೆ ಅದು ಶಾಂತ ಇರಬೇಕು, ಪಟ್ಟಿ ತಪ್ಪಿರಬೇಕು ಎಂದು ಅವಳು ಹೇಳಿದಳು.

“ಶಾಂತ ಅಲ್ರಿ. ವಿಷ ಉಗ್ರಂದ, ಅದಕ್ಕ ಪಟ್ಟಿ ನೀಲಿ ಆಗೇತಿ. ಆದ್ರ ಇಬ್ಬರ ಬಾಯಾಗೂ ಉಗ್ರ ಒಂದೂ ಉಳಿದಿಲ್ಲ. ಇದು ಅದನ್ನ ಕೊಂದು ಕುಂತಿತ್ರಿ.”

ಅವನು ಬಿಡಿಸಿ ಹೇಳಬೇಕಾದ್ದು ಏನೂ ಉಳಿದಿರಲಿಲ್ಲ. ಉಗ್ರ ಎಲ್ಲಿಂದಲೋ ನೀಲಗಂಗಮ್ಮನ ಬಾಯಿಗೆ ಬಂದಿದ್ದ. ಕಬ್ಬಿನ ತುಂಡಿನ ಜೊತೆ ಮುಕ್ತಾಳ ಬಾಯಿಗೆ ದಾಟಿದ್ದ. ಅಲ್ಲಿ ಮೊದಲ ಹಲ್ಲಿನಿಂದಲೂ ಶಾಂತ ಕೂತಿದ್ದ. ಎರಡೂ ಮತ್ತೆ ಕೊಟ್ಟು ತೆಗೆದುಕೊಂಡು ಮೂರನೆಯದೊಂದು ಹುಟ್ಟಿತ್ತು: ಉಗ್ರನ ಕತ್ತಿ, ಅದೂ ಇನ್ನಷ್ಟು ಹರಿತವಾಗಿ, ಶಾಂತನ ಸ್ವಭಾವ. ಅದು ಮೊಮ್ಮಗಳ ಬಾಯಿಂದ ಅಜ್ಜಿಯ ಬಾಯಿಗೆ ಮರಳಿ ಅಲ್ಲಿಯೂ ಉಗ್ರನನ್ನು ಮುಗಿಸಿತ್ತು. ಹಲ್ಲು ಬೆಳ್ಳಗಿದ್ದುದು ಅದಕ್ಕೇ. ಆ ಇಬ್ಬರ ಬಾಯಿಂದ ಒಂದು ಚಮಚ ಎಂಜಲು ತೆಗೆದು ಕೆಂಚನಕೊಪ್ಪಕ್ಕೆ ಒಯ್ದಿದ್ದರೆ, ಒಂದು ಮಗುವಿನಿಂದ ಇನ್ನೊಂದಕ್ಕೆ ತಾನೇ ಹಬ್ಬಿ ಮಳೆಗಾಲ ಮುಗಿಯುವುದರೊಳಗೆ ಉಗ್ರನ ಹೆಸರಿಲ್ಲದಂತೆ ಮಾಡುತ್ತಿತ್ತು.

ಹಲ್ಲುಗಳನ್ನು ಎಲ್ಲಿಟ್ಟಿದ್ದಾರೆ ಎಂದು ಅವಳು ಕೇಳಿದಳು. ತೆಗೆದ ದಿನವೇ ಅವನ್ನು ಸುಟ್ಟಿದ್ದರು.

ಇಂದುಮತಿ ಆಗಲೇ ಮನೆಗೆ ಓಡಿಹೋಗಿ ಇಬ್ಬರ ಬಾಯಿಂದಲೂ ಹತ್ತಿಯಲ್ಲಿ ಎಂಜಲು ತೆಗೆದಳು. ಮತ್ತೆ ಮತ್ತೆ ತೆಗೆದಳು, ಏನೂ ಸಿಗಲಿಲ್ಲ. ಹಲ್ಲಿಲ್ಲದ ಬಾಯಲ್ಲಿ ಅದು ಇರುವುದಿಲ್ಲ ಎಂದು ಸಭೆಯಲ್ಲಿ ಹೇಳಿದವಳು ಅವಳೇ ಅಲ್ಲವೇ. ತನ್ನ ಬಾಯನ್ನೂ ನೋಡಿಕೊಂಡಳು. ಮಗಳ ಎಂಜಲು ಅವಳ ಬಾಯಿಗೆ ಎಂದೂ ತಾಗಿದ್ದಿಲ್ಲ.

ಕುಡ್ವರು ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಈ ಮಾತು ಈ ಕೋಣೆಯಿಂದ ಆಚೆ ಹೋಗಬಾರದು ಇಂದುಮತಿ. ಹೋದರೆ ನಾಳೆ ಯಾವ ತಾಯಿ ಮಗುವನ್ನು ಕುರ್ಚಿಯ ಮೇಲೆ ಕೂರಿಸುತ್ತಾಳೆ?” ಓದಿದ ವಂಶವಾಹಿ ನಮ್ಮ ಬಳಿ ಇದೆ, ಮತ್ತೆ ಕಟ್ಟೋಣ, ವರ್ಷಗಳು ಹಿಡಿಯುತ್ತವೆ, ಅಲ್ಲಿಯವರೆಗೆ ಇಕ್ಕಳವೇ ಗತಿ ಎಂದರು. ಅವಳು ಒಪ್ಪಿ ಎದ್ದು ಬಂದಳು.

ಆದರೆ ಆಸೆ ಬಿಡಲಿಲ್ಲ. ಎರಡು ಬಾಯಲ್ಲಿ ಹುಟ್ಟಿದ್ದು ಮೂರನೆಯದರಲ್ಲೂ ಹುಟ್ಟಿರಬಹುದು. ಪಟ್ಟಿ ನೀಲಿ, ಹಲ್ಲು ಬಿಳಿ ಇರುವ ಮಗು ಸಿಕ್ಕರೆ ಸಾಕು. ಶಿಬಿರಗಳಿಗೆ ಹೋದಾಗಲೆಲ್ಲ ಅವಳು ಹುಚ್ಚಿಯಂತೆ ಮಕ್ಕಳ ಬಾಯಿ ಇಣುಕತೊಡಗಿದಳು. ಕೆಂಚನಕೊಪ್ಪದ ಎರಡನೆಯ ತಪಾಸಣೆಯಲ್ಲಿ ಲಗಮಿಯ ಪಟ್ಟಿ ನೀಲಿಯಾಯಿತು. ಹಲ್ಲು ಬಿಳಿಯಾಗಿತ್ತು.

ಕುರ್ಚಿಯ ಮೇಲೆ ಕೂತಿದ್ದ ಮಗುವನ್ನು ಇಂದುಮತಿ ಕೆಳಗಿಳಿಸಿದಳು. ಯಂತ್ರ ಕೆಟ್ಟಿದೆ, ಬರುವ ವಾರ ನೋಡೋಣ ಎಂದು ಬಾಳವ್ವನಿಗೆ ಸುಳ್ಳು ಹೇಳಿದಳು. ನಿಯಮ ಮುರಿದು, ಕಾಯಿಸದ ಎಂಜಲನ್ನು ಸೀಸೆಯಲ್ಲಿ ಮುಚ್ಚಿಕೊಂಡು ತಂದು ಬೆಳೆಯಲಿಟ್ಟಳು. ಅದು ಬೆಳೆಯದೆ ಹೋದರೆ ಮತ್ತೆ ತೆಗೆಯಲು ಮಗುವಿನ ಹಲ್ಲು ಉಳಿದಿರಬೇಕಿತ್ತು. ಬಾಳವ್ವ ಮಗಳನ್ನು ಎದೆಗವಚಿಕೊಂಡು ಹೋಗುವಾಗ ಎರಡು ಸಲ ತಿರುಗಿ ನೋಡಿ ಕೈಮುಗಿದಿದ್ದಳು.

ತಟ್ಟೆಯಲ್ಲಿ ಬೆಳೆದದ್ದು ಉಗ್ರ. ಅದು ಗೊತ್ತಾಗಿ ಇಂದುಮತಿ ಜೀಪು ಹತ್ತುವ ಹೊತ್ತಿಗೆ ಲಗಮಿಯನ್ನು ಜ್ವರದಲ್ಲಿ ಆಸ್ಪತ್ರೆಗೆ ತಂದಾಗಿತ್ತು. ಎಳೆಯ ಹಲ್ಲು, ಮೆದು ಪದರ, ಬೇಗ ತಿಂದುಹಾಕಿತ್ತು. ಹಲ್ಲು ತೆಗೆದರು, ದವಡೆ ಕೊಯ್ದು ಕೀವು ತೆಗೆದರು. ಕೀವಿನ ನಂಜು ಆಗಲೇ ರಕ್ತ ಸೇರಿತ್ತು. ಮಗು ಉಳಿಯಲಿಲ್ಲ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಬಾಳವ್ವ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ಅಳು ಮುಗಿದುಹೋಗಿತ್ತು. ಇಂದುಮತಿ ಎದುರಿಗೆ ಹೋಗಿ ಕೂತಳು.

“ನಿಮ್ಮ ಮಗಳದು ತಗದ್ರಿ,” ಎಂದಳು ಬಾಳವ್ವ. ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳುವ ಹಟವಷ್ಟೇ ಇತ್ತು. “ನನ್ನ ಮಗಳದು ಯಾಕ ಬಿಟ್ರಿ?”

ಇಂದುಮತಿಗೆ ಉತ್ತರ ಗೊತ್ತಿತ್ತು, ಹೇಳಲಾಗಲಿಲ್ಲ. ಹೇಳಿದರೆ ಮುಕ್ತಾಳ ಹಲ್ಲಿನ ಕಥೆಯನ್ನೂ ಹೇಳಬೇಕಿತ್ತು. ಅಲ್ಲಿಂದ ಎದ್ದು ಬಂದವಳು ಮುಂದೆ ಯಾವ ಮಗುವನ್ನೂ ಕುರ್ಚಿಯಿಂದ ಇಳಿಸಲಿಲ್ಲ. ಬಾಯಿ ಇಣುಕುವುದನ್ನೂ ಬಿಟ್ಟಳು. ಪಟ್ಟಿ ನೋಡುವಳು, ಕೈ ಮಾಡುವಳು, ಮುಂದಿನವರನ್ನು ಕರೆಯುವಳು.

ಉಗ್ರ ನಿಂತ. ಮೂರು ತಾಲೂಕುಗಳಲ್ಲಿ ಅವನಿಗೆ ನಿಲ್ಲಲು ಜಾಗವಿಲ್ಲದಂತೆ ಮಾಡಿ ನಿಲ್ಲಿಸಿದ್ದಾಯಿತು. ಮದುವೆಯೂಟದಲ್ಲಿ ಹೋಳಿಗೆಯನ್ನು ಹಾಲಲ್ಲಿ ನೆನೆಸಿಟ್ಟು ಬಡಿಸುವುದು ಪದ್ಧತಿಯಾಯಿತು. ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದೇ ನಗುವುದನ್ನು ಕಲಿತರು. ಒಳಗೆ ಉಳಿದಿದ್ದ ಹಲ್ಲುಗಳು ಒಂದೊಂದಾಗಿ ಬಂದಾಗ ಮುಕ್ತಾಳ ಬಾಯಲ್ಲಿ ಅಲ್ಲೊಂದು ಇಲ್ಲೊಂದು ಹಲ್ಲು, ನಡುವೆ ತೆಗೆದು ಹಾಕುವ ಸೆಟ್ಟು. ನೀಲಗಂಗಮ್ಮ ಸೆಟ್ಟು ಬೇಡವೆಂದಳು. ತನ್ನಿಂದಲೇ ಕೂಸಿನ ಹಲ್ಲು ಹೋಯಿತೆಂದು ಯಾರು ಬಂದರೂ ಹೇಳಿಕೊಳ್ಳುತ್ತಿದ್ದಳು, ಇಂದುಮತಿ ಪಕ್ಕದಲ್ಲೇ ಕೂತು ಅದನ್ನು ಕೇಳುತ್ತಿದ್ದಳು. ಹಾಗೆ ಹೇಳುತ್ತಲೇ ಮುದುಕಿ ಒಂದು ಚಳಿಗಾಲದಲ್ಲಿ ಕಣ್ಣುಮುಚ್ಚಿದಳು.

ಆ ಮೂರನೆಯ ತಳಿಯನ್ನು ಅನ್ವರ್ ಮತ್ತೆ ಕಟ್ಟಿ ನಿಲ್ಲಿಸುವ ಹೊತ್ತಿಗೆ ಮುಕ್ತಾಗೆ ಹನ್ನೆರಡು. ಅದು ಗಾಜಿನ ತಟ್ಟೆಯಲ್ಲಿ ಉಗ್ರನನ್ನು ಕೊಂದು ತೋರಿಸಿತು. ಹೊರಗೆ ಕೊಲ್ಲಲು ಉಗ್ರ ಎಲ್ಲಿಯೂ ಉಳಿದಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಇಂದುಮತಿ ಅಂದು ಮನೆಗೆ ಬಂದವಳು ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಮಗಳನ್ನು ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು. ಶಾಂತ, ಉಗ್ರ, ಕಬ್ಬು, ಅನ್ವರ್ ಬಾಗಿಲು ಮುಚ್ಚಿ ಹೇಳಿದ ಮಾತು, ಲಗಮಿ. ಅಜ್ಜಿಯದು ತಪ್ಪಿರಲಿಲ್ಲ, ಅವಳು ಉಣಿಸಿದ್ದೇ ಔಷಧವಾಗಿತ್ತು ಎಂದೂ ಹೇಳಿದಳು.

ಮುಕ್ತಾ ಒಲೆಯ ಮೇಲಿನ ಚಹಾ ಉಕ್ಕದಂತೆ ನೋಡಿಕೊಳ್ಳುತ್ತ ಕೇಳಿದಳು. ಸೋಸಿ ಎರಡು ಕಪ್ಪಿಗೆ ಹಾಕಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

“ಅವ್ವಾ, ಅವತ್ತ ನೀ ನನ್ನ ಹಲ್ಲ ನೋಡಿದ್ದೇನು?”

ಕಿಟಕಿಯ ಬೆಳಕು, ಗರಗಸದಂಥ ಅಂಚು, ಒಂದು ಚುಕ್ಕೆಯಿಲ್ಲದ ಬಿಳುಪು, ಎಲ್ಲ ಇಂದುಮತಿಯ ಕಣ್ಣೆದುರು ನಿಂತಿತು.

“ನೋಡಿದ್ದೆ,” ಎಂದಳು.

ಮುಕ್ತಾ ತಲೆಯಾಡಿಸಿದಳು. ತನ್ನ ಕಪ್ಪಿನ ಚಹಾವನ್ನು ಊದಿ ಊದಿ ಪೂರ್ತಿ ಕುಡಿದು, ಕಪ್ಪು ತೊಳೆದು ಬೋರಲು ಹಾಕಿದಳು. ಶಾಲೆಯ ಚೀಲ ಹೆಗಲಿಗೇರಿಸಿ ಬಾಗಿಲ ಬಳಿ ಹೋಗಿ ನಿಂತಳು. ಹುಟ್ಟಿದಾಗಿನಿಂದ ಅವಳು ತಾಯಿಯನ್ನು ನೀ ಎಂದವಳು. ಈಗ ಪರಊರಿನಿಂದ ಬಂದ ಹಿರಿಯರೊಬ್ಬರನ್ನು ಮಾತಾಡಿಸುವಷ್ಟು ಮರ್ಯಾದೆಯಿಂದ,

“ನಿಮ್ಮ ಚಾ ಆರಾಕತ್ತೈತ್ರಿ, ಕುಡೀರಿ,” ಎಂದು ಹೇಳಿ ಹೊರಗೆ ನಡೆದಳು.